‘ಮ್’ ಸ್ವರವಾಗಿದ್ದ ಕಾಲ

ಅಮರಕೋಶದ ವೈಶ್ಯವರ್ಗದಲ್ಲಿ ಒಂದು ದನದ ಕೊಟ್ಟಿಗೆಯೇ ಇದೆ. ಗೊಡ್ಡು ಹಸುವಿಗೊಂದು ಹೆಸರು, ಕಂದು ಹಾಕಿದ್ದಕ್ಕೊಂದು, ಚೊಚ್ಚಲ ಗಬ್ಬದ ಕಡಸಿಗೊಂದು, ಒದೆಯದೆ ನಿಂತು ಹಾಲು ಕೊಡುವ ಸಾಧು ಹಸುವಿಗೊಂದು. ಆ ಸಾಲಿನಲ್ಲಿ ‘ಸಮಾಂಸಮೀನಾ’ ಎಂಬ ಹಸುವೂ ಇದೆ. ವರ್ಷ ವರ್ಷವೂ ತಪ್ಪದೆ ಕರು ಹಾಕುವ ಹಸು ಅದು. ಈ ಪದವನ್ನು ಕಟ್ಟುವ ಬಗೆಗೆ ಪಾಣಿನಿ ಬೇರೆಯದೇ ಒಂದು ಸೂತ್ರ ಬರೆದಿದ್ದಾನೆ. ಅದರೊಳಗಿನ ‘ಸಮಾ’ ಎಂದರೆ ವರ್ಷ. ನೂರು ವರ್ಷ ಬಾಳಬೇಕೆಂದು ಬಯಸುವ ಈಶಾವಾಸ್ಯ ಉಪನಿಷತ್ತಿನ ಎರಡನೆಯ ಮಂತ್ರದಲ್ಲಿ ವರ್ಷಕ್ಕೆ ಬಳಸಿರುವ ಪದವೂ ಇದೇ.

ಏಪ್ರಿಲ್ ಬಂದರೆ ನಮ್ಮ ಬೀದಿಯ ಗೋಡೆಗಳ ಮೇಲೆಲ್ಲ ಕಾಣುವ ‘ಸಮ್ಮರ್ ಕ್ಯಾಂಪ್’ ಎಂಬ ಬರಹದ ಸಮ್ಮರ್, ಈ ಹಸುವಿನ ಹೆಸರಿನಲ್ಲಿರುವ ಸಮಾ ಪದದ ದಾಯಾದಿ. ಒಂದೇ ಬೇರು, ಬೇರೆ ಬೇರೆ ಹೊಲದಲ್ಲಿ ಚಿಗುರಿದೆ. ಇದು ಹೇಗೆ ಗೊತ್ತಾಯಿತು ಎಂಬುದು ನನಗೆ ಪದಕ್ಕಿಂತಲೂ ಪ್ರಿಯವಾದ ಸಂಗತಿ.

ಸಮಾ, ಸಮ್ಮರ್. ಕನ್ನಡದ ಕಿವಿಗೆ ಎರಡೂ ಅಕ್ಕಪಕ್ಕದ ಮನೆಯವು. ಇದಕ್ಕೆ ಪುರಾವೆ ಬೇರೆ ಬೇಕೆ ಅನ್ನಿಸುತ್ತದೆ. ಆದರೆ ಈ ಹೋಲಿಕೆಯನ್ನು ನಂಬುವಂತಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಆ ಪದ ‘ಸುಮೊರ್’ ಎಂದಿತ್ತು, ಮೊದಲ ಸ್ವರ ಅಚ್ಚ ಉ-ಕಾರ. ಹದಿನೇಳನೆಯ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನವರ ನಾಲಗೆಯಲ್ಲಿ ಆ ಉ-ಕಾರ ಸಡಿಲವಾಗಿ ಅ-ಕಾರದ ಕಡೆಗೆ ಜಾರಿತು. ಬರಹದಲ್ಲಿ ಮಾತ್ರ ಹಳೆಯ ಅಕ್ಷರ ಹಾಗೇ ಉಳಿಯಿತು. ಯಾರ್ಕ್‌ಷೈರ್, ಲ್ಯಾಂಕಷೈರ್ ಕಡೆಯ ಹಳಬರ ಬಾಯಲ್ಲಿ ಇವತ್ತಿಗೂ ಅದು ‘ಸುಮ’ ಎಂಬಂತೆಯೇ ಕೇಳುತ್ತದೆ. ಐಸ್‌ಲ್ಯಾಂಡಿನವರು ‘ಸುಮರ್’ ಅನ್ನುತ್ತಾರೆ. ಹಾಗಾಗಿ ಹೋಲಿಸಬೇಕಾದದ್ದು ಸಮಾ ಮತ್ತು ಸುಮ್. ಈ ‘ಅ’ಗೂ ಆ ‘ಉ’ಗೂ ಏನು ಸಂಬಂಧ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು 1876ರಲ್ಲಿ.

ಅಲ್ಲಿಗೆ ಹೋಗುವ ಮೊದಲು ಒಂದು ಮಾತು. ಎರಡು ಪದಗಳು ಒಂದೇ ಬೇರಿನವು ಎಂದು ತೋರಿಸಲು ಹೋಲಿಕೆ ಸಾಲದು, ವ್ಯತ್ಯಾಸ ಬೇಕು. ಆ ವ್ಯತ್ಯಾಸ ನೂರು ಕಡೆ ಒಂದೇ ರೀತಿ ಮರುಕಳಿಸಬೇಕು. ಕನ್ನಡಿಗರಿಗೆ ಇದು ಹೊಸತೇನಲ್ಲ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು. ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆಗುತ್ತದೆಂದು ಒಮ್ಮೆ ತಿಳಿದರೆ ಹೊಸ ಪದ ಎದುರಾದಾಗ ಊಹಿಸಿ ಗೆಲ್ಲಬಹುದು. ನಮ್ಮ ‘ಬೇಸಿಗೆ’ಯನ್ನೇ ನೋಡಿ. ಅದು ಬೇಯುವುದರಿಂದ ಹುಟ್ಟಿದ ಪದ. ತಮಿಳರಿಗೆ ವೇನಿಲ್, ಮಲಯಾಳಿಗಳಿಗೆ ವೇನಲ್, ತೆಲುಗರಿಗೆ ವೇಸವಿ. ನಮ್ಮ ಬ ಇರುವಲ್ಲಿ ಅವರ ವ. ಬಾಯಿ–ವಾಯ್, ಬಿಲ್ಲು–ವಿಲ್, ಬೆಳ್ಳಿ–ವೆಳ್ಳಿ ಎಂದು ಈ ಸಾಲು ಬೆಳೆಯುತ್ತ ಹೋಗುತ್ತದೆ. ಇಷ್ಟು ಸಲ ಒಂದೇ ರೀತಿ ತಪ್ಪುವುದು ಆಕಸ್ಮಿಕವಾಗಲಾರದು.

1786ರ ಫೆಬ್ರವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸ್ ಮಾಡಿದ ಭಾಷಣದಿಂದ ಈ ಕತೆಯನ್ನು ಶುರು ಮಾಡುವುದು ವಾಡಿಕೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಯಾವುದೋ ಒಂದೇ ಮೂಲದಿಂದ ಹೊರಟಿರಬೇಕು, ಆ ಮೂಲ ಈಗ ಇಲ್ಲದೆಯೂ ಇರಬಹುದು ಎಂದು ಅವನು ಹೇಳಿದ. ಅದು ಅವನ ಊಹೆ, ಅದ್ಭುತವಾದ ಊಹೆ. ನಿಯಮ ಕಂಡದ್ದು ಮುಂದಿನ ತಲೆಮಾರಿಗೆ. 1818ರಲ್ಲಿ ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್, 1822ರಲ್ಲಿ ಜರ್ಮನಿಯ ಯಾಕೊಬ್ ಗ್ರಿಮ್ ವ್ಯಂಜನಗಳ ಕೋಷ್ಟಕ ಕಟ್ಟಿದರು. ಉಳಿದ ಭಾಷೆಗಳಲ್ಲಿ ಪ ಇರುವಲ್ಲಿ ಇಂಗ್ಲಿಷ್, ಜರ್ಮನ್ ಗುಂಪಿನಲ್ಲಿ ಫ ಬರುತ್ತದೆ, ಕ ಇರುವಲ್ಲಿ ಹ ಬರುತ್ತದೆ. ಪಿತೃ ಮತ್ತು ಫಾದರ್ ಹಾಗೆ ಜೋಡಿಯಾದವು. ಸ, ಮ ಎರಡೂ ಈ ಕೋಷ್ಟಕದ ಪ್ರಕಾರ ಬದಲಾಗದ ವ್ಯಂಜನಗಳು. ಆದ್ದರಿಂದ ಸಮಾ ಮತ್ತು ಸುಮೊರ್ ನಡುವೆ ವ್ಯಂಜನಗಳ ತಕರಾರು ಇರಲಿಲ್ಲ.

ತಕರಾರು ಇದ್ದದ್ದು ಸ್ವರದಲ್ಲಿ. ಆ ಕಾಲದ ವಿದ್ವಾಂಸರಿಗೆ ಸಂಸ್ಕೃತದ ಮೇಲೆ ಎಷ್ಟು ಭಕ್ತಿಯೆಂದರೆ, ಸಂಸ್ಕೃತದ ಅ-ಕಾರವೇ ಮೂಲ ಭಾಷೆಯ ಅ-ಕಾರ, ಬೇರೆಡೆ ಕಾಣುವ ಎ, ಒ, ಉ ಎಲ್ಲ ಅದು ಕೆಟ್ಟು ಆದದ್ದು ಎಂದೇ ಭಾವಿಸಿದ್ದರು. 1868ರಲ್ಲಿ ಆಗಸ್ಟ್ ಶ್ಲೈಖರ್ ಆ ಕಳೆದುಹೋದ ಮೂಲ ಭಾಷೆಯಲ್ಲಿ ಕುರಿ ಮತ್ತು ಕುದುರೆಗಳ ಒಂದು ಪುಟ್ಟ ಕತೆಯನ್ನೇ ಬರೆದ. ಅದರ ತುಂಬ ಅ-ಕಾರ. ಕೆಟ್ಟು ಉ ಆಯಿತು ಎನ್ನುವುದೇನೋ ಸರಿ. ಯಾಕೆ ಕೆಟ್ಟಿತು, ಇಲ್ಲೇ ಯಾಕೆ ಕೆಟ್ಟಿತು? ಅದಕ್ಕೆ ಉತ್ತರವಿರಲಿಲ್ಲ.

ಈಗ ಜಿನೀವಾದ ಒಂದು ಶಾಲಾ ಕೊಠಡಿಗೆ ಬನ್ನಿ. 1872ರ ಸುಮಾರು. ಹದಿನಾಲ್ಕು ಹದಿನೈದರ ಹುಡುಗನೊಬ್ಬ ಗ್ರೀಕ್ ಪಾಠದಲ್ಲಿ ಹೆರೊಡೊಟಸ್‌ನನ್ನು ಓದುತ್ತಿದ್ದಾನೆ. ‘ತೆತಾಖತೈ’ ಎಂಬ ಕ್ರಿಯಾಪದ ಎದುರಾಗುತ್ತದೆ. ‘ಅವರು’ ಎಂಬ ಬಹುವಚನಕ್ಕೆ ಅವನು ಕಲಿತದ್ದು ‘ಲೆಗೊನ್ತೈ’ ಎಂಬಂಥ ರೂಪ, ಕೊನೆಯಲ್ಲಿ ‘ನ್ತೈ’. ಇಲ್ಲಿ ‘ಅತೈ’ ಇದೆ. ನ್ ಇರಬೇಕಾದ ಜಾಗದಲ್ಲಿ ಅ ಕೂತಿದೆ. ಹುಡುಗ ಯೋಚಿಸಿದ. ಲೆಗೊನ್ತೈಯಲ್ಲಿ ನ್‌ಗೆ ಮುಂಚೆ ಸ್ವರವಿದೆ. ತೆತಾಖತೈಯಲ್ಲಿ ಅದಕ್ಕೆ ಮುಂಚೆ ವ್ಯಂಜನವಿದೆ. ಎರಡು ವ್ಯಂಜನಗಳ ನಡುವೆ ಸಿಕ್ಕಿಕೊಂಡ ನ್, ಉಸಿರಾಡಲು ಜಾಗವಿಲ್ಲದೆ, ತಾನೇ ಸ್ವರವಾಗಿ ಅ ಆಯಿತು! ಹೊಳೆದದ್ದನ್ನು ಹುಡುಗ ತನ್ನಲ್ಲೇ ಇಟ್ಟುಕೊಂಡ. ಇಷ್ಟು ಸರಳವಾದದ್ದು ದೊಡ್ಡವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವನ ಹೆಸರು ಫರ್ಡಿನಾಂಡ್ ಡ ಸೊಸ್ಯೂರ್.

1876ರ ಅಕ್ಟೋಬರಿನಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಸೊಸ್ಯೂರ್ ಓದಲೆಂದು ಲೈಪ್‌ಜಿಗ್‌ಗೆ ಬಂದ. ಅಲ್ಲಿ ಹೈನ್ರಿಶ್ ಹ್ಯೂಬ್ಶ್‌ಮಾನ್ ಎಂಬ ಅಧ್ಯಾಪಕರನ್ನು ಕಂಡ. ಮಾತಿನ ನಡುವೆ ಅವರು ಕೇಳಿದರು: ಸ್ವರವಾಗುವ ಅನುನಾಸಿಕಗಳ ಬಗ್ಗೆ ಬ್ರುಗ್‌ಮಾನ್ ಬರೆದಿರುವ ಲೇಖನ ಓದಿದೆಯಾ? ಹುಡುಗ ಓದಿರಲಿಲ್ಲ. ಊರಿಗೆ ಊರೇ ಆ ಲೇಖನದ ಬಗ್ಗೆ ಮಾತಾಡುತ್ತಿದೆ ಎಂದು ತಿಳಿದಾಗ, ತಾನು ಶಾಲೆಯಲ್ಲಿ ಕಂಡದ್ದು ಒಂದು ಆವಿಷ್ಕಾರ ಎಂಬುದು ಅವನಿಗೆ ಮೊದಲ ಬಾರಿಗೆ ಅರಿವಾಯಿತು. ಎಷ್ಟೋ ವರ್ಷಗಳ ನಂತರ ತನ್ನ ನೆನಪುಗಳಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಓದುವಾಗ ಆ ಹುಡುಗನ ಬಗ್ಗೆ ಇವತ್ತಿಗೂ ಕರುಳು ಚುರುಕ್ ಅನ್ನುತ್ತದೆ.

ಕಾರ್ಲ್ ಬ್ರುಗ್‌ಮಾನ್‌ಗೆ ಆಗ 27 ವರ್ಷ. ಅವನ ಲೇಖನ ಬಂದದ್ದು ಗುರು ಗೇಯೋರ್ಗ್ ಕುರ್ಟಿಯಸ್ ಜೊತೆ ತಾನೂ ಸಂಪಾದಕನಾಗಿದ್ದ ಪತ್ರಿಕೆಯಲ್ಲೇ. ಗುರುವಿಗೆ ಅದು ಹಿಡಿಸಲಿಲ್ಲ. ಆ ವಿಚಾರಗಳ ಹೊಣೆ ತನ್ನದಲ್ಲವೆಂದು ಅವರು ಬಹಿರಂಗವಾಗಿಯೇ ಹೇಳಿಕೊಂಡರು.

ಬ್ರುಗ್‌ಮಾನ್ ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಯುರೋಪಿನ ಓದುಗನಿಗಿಂತ ನಮಗೆ ಸುಲಭ. ಒಂದನೇ ತರಗತಿಯ ಗೋಡೆಯ ಮೇಲಿನ ವರ್ಣಮಾಲೆ ನೆನಪಿಸಿಕೊಳ್ಳಿ. ಅ ಆ ಇ ಈ ಉ ಊ ಆದ ಮೇಲೆ ಋ ಬರುತ್ತದೆ. ಬಾಯಲ್ಲಿ ನಾವು ಅದನ್ನು ‘ರು’ ಅನ್ನುತ್ತೇವೆ, ಆದರೂ ಅದನ್ನು ಕೂರಿಸಿರುವುದು ಸ್ವರಗಳ ಪಂಕ್ತಿಯಲ್ಲಿ. ವ್ಯಂಜನದಂತೆ ಕೇಳುವ ರ್ ಸ್ವರವೂ ಆಗಬಲ್ಲದು, ಅಕ್ಷರವೊಂದನ್ನು ತಾನೇ ಹೊತ್ತು ನಿಲ್ಲಬಲ್ಲದು ಎಂದು ನಮ್ಮ ಹಳೆಯ ವೈಯಾಕರಣರು ಕಂಡುಕೊಂಡು ಅದಕ್ಕೆ ಪೀಠ ಕೊಟ್ಟಿದ್ದರು. ಹಳೆಯ ಪುಸ್ತಕಗಳಲ್ಲಿ ಅದರ ಪಕ್ಕದಲ್ಲಿ ಌ ಕೂಡ ಇರುತ್ತದೆ. ರ್, ಲ್ ಸ್ವರವಾಗಬಹುದಾದರೆ ಮ್, ನ್ ಯಾಕೆ ಆಗಬಾರದು ಎಂಬುದೇ ಬ್ರುಗ್‌ಮಾನ್‌ನ ವಾದ. ಮೂಲ ಭಾಷೆಯಲ್ಲಿ ಅವೂ ಸ್ವರಗಳಾಗಿದ್ದವು. ಸಂಸ್ಕೃತ ಋ-ಕಾರವನ್ನು ಉಳಿಸಿಕೊಂಡಿತು, ಮ್-ಸ್ವರ, ನ್-ಸ್ವರಗಳನ್ನು ಕಳೆದುಕೊಂಡಿತು. ಅದಕ್ಕೇ ಅವಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ.

ಮ್ ಸ್ವರವಾಗುವುದು ಹೇಗೆ ಎಂದು ಬಾಯಲ್ಲೇ ಮಾಡಿ ನೋಡಬಹುದು. ಫೋನಿನಲ್ಲಿ ಯಾರೋ ಉದ್ದಕ್ಕೆ ಹೇಳುತ್ತಿರುವಾಗ ತುಟಿ ಬಿಚ್ಚದೆ ‘ಮ್‌ಮ್’ ಎಂದು ಹೂಂಗುಡುತ್ತೇವಲ್ಲ, ಅದರಲ್ಲಿ ಅ ಇಲ್ಲ, ಉ ಇಲ್ಲ. ಮ್ ಒಂದೇ ರಾಗವಾಗಿ ನಿಂತಿರುತ್ತದೆ. ಈಗ ಸ್ ಎಂದು ಶುರು ಮಾಡಿ, ಬಾಯಿ ತೆರೆಯದೆ ನೇರ ಆ ಮ್-ಗೆ ಹೋಗಿ. ಆರು ಸಾವಿರ ವರ್ಷಗಳಷ್ಟು ಹಿಂದೆ ಬೇಸಿಗೆಯ ಹೆಸರಿನ ಮೊದಲ ಅಕ್ಷರ ಕೇಳುತ್ತಿದ್ದದ್ದು ಹೆಚ್ಚುಕಡಿಮೆ ಹಾಗೆ. ಇಂಥ ಉಚ್ಚಾರ ಬಹುಕಾಲ ನಿಲ್ಲುವುದಿಲ್ಲ. ನಾಲಗೆ ಆಸರೆಗೊಂದು ಸ್ವರವನ್ನು ಹುಡುಕುತ್ತದೆ. ಜರ್ಮನ್, ಇಂಗ್ಲಿಷ್ ಕಡೆಯವರ ಪೂರ್ವಿಕರು ಎಲ್ಲ ಕಡೆಯೂ ಉ-ಕಾರವನ್ನು ಆಸರೆ ಮಾಡಿಕೊಂಡರು, ಸುಮ್ ಆಯಿತು. ಐರ್ಲೆಂಡಿನವರ ಪೂರ್ವಿಕರು ಅ-ಕಾರ ಹಿಡಿದರು, ‘ಸಮ್’ ಆಯಿತು. ಸಂಸ್ಕೃತವೂ ಅ-ಕಾರದ ಕಡೆಯದೇ. ಸಮಾ ಪದದ ಅ ಮೂಲದ ಎ-ಕಾರದಿಂದಲೂ ಬಂದಿರಬಹುದು ಎನ್ನುವವರಿದ್ದಾರೆ, ಆ ಭಾಷೆಯಲ್ಲಿ ಎರಡೂ ಕೂಡಿ ಒಂದೇ ಆಗಿಬಿಟ್ಟಿವೆ. ಇಂಗ್ಲಿಷಿನ ಉ-ಕಾರ ಎಲ್ಲಿಂದ ಬಂತೆಂಬುದಕ್ಕೆ ಮಾತ್ರ ಅನುಮಾನ ಉಳಿಯಲಿಲ್ಲ.

ಮತ್ತೆ ಕೇಳಬೇಕು, ನೂರು ಕಡೆ ಮರುಕಳಿಸುತ್ತದೆಯೇ? ಸಂಸ್ಕೃತದ ಶತ, ಇಂಗ್ಲಿಷಿನ ಹಂಡ್ರೆಡ್. ಇವತ್ತಿನ ಉಚ್ಚಾರ ಬಿಟ್ಟು ಬರಹ ನೋಡಿದರೆ ಹುಂದ್. ಸಂಸ್ಕೃತದಲ್ಲಿ ಬರಿಯ ಅ, ಇಂಗ್ಲಿಷಿನಲ್ಲಿ ಉನ್. ಅಜ್ಞಾತಕ್ಕೆ ಇಂಗ್ಲಿಷಿನಲ್ಲಿ ‘ಅನ್‌ನೋನ್’. ನಮ್ಮ ಅ, ಅವರ ಹಳೆಯ ಉನ್. ‘ಇಲ್ಲ’ ಎಂಬ ಅರ್ಥದ ಈ ಎರಡು ಉಪಸರ್ಗಗಳು ಒಂದೇ ನ್-ಸ್ವರದ ಮಕ್ಕಳು. ನಾವು ದಿನವೂ ಬಳಸುವ ಪದಗಳಲ್ಲೇ ಇದರ ಗುರುತಿದೆ. ಗಮನ ಎನ್ನುವಾಗ ಮ ಇದೆ, ‘ಗತ’ ಎನ್ನುವಾಗ ಅದು ಎಲ್ಲಿ ಹೋಯಿತು? ಹನನದಲ್ಲಿ ಇರುವ ನ ‘ಹತ’ದಲ್ಲಿ ಇಲ್ಲ, ಮನನದ ನ ‘ಮತ’ದಲ್ಲಿ ಇಲ್ಲ. ಪಾಣಿನಿ ಇದನ್ನು ಗಮನಿಸಿ, ಇಂಥಿಂಥ ಧಾತುಗಳ ಅನುನಾಸಿಕ ಲೋಪವಾಗುತ್ತದೆ ಎಂದು ಸೂತ್ರ ಮಾಡಿದ. ಸೂತ್ರ ಇವತ್ತಿಗೂ ಸರಿ. ಆದರೆ ಆ ಅಕ್ಷರ ನಿಜವಾಗಿ ಲೋಪವಾಗಿರಲಿಲ್ಲ ಎಂಬುದು 1876ರಲ್ಲಿ ತಿಳಿಯಿತು. ಗತದ ಗ-ಕಾರದೊಳಗಿನ ಅ ಇದೆಯಲ್ಲ, ಅದೇ ಆ ಮ್. ವೇಷ ಮರೆಸಿಕೊಂಡು ಅಲ್ಲೇ ಕೂತಿದೆ. ಶಾಲೆಯಲ್ಲಿ ‘ಗಮ್–ಗತ’ ಎಂದು ಬಾಯಿಪಾಠ ಮಾಡಿದ ಯಾರಿಗಾದರೂ ಇದನ್ನು ತಿಳಿದ ಕ್ಷಣ ಮೈ ಜುಮ್ ಎನ್ನದೆ ಇರದು.

ಧ್ವನಿಯ ಗಂಟು ಬಿಚ್ಚಿತು. ಅರ್ಥದ ಗಂಟು ಉಳಿಯಿತು. ಸಮಾ ಎಂದರೆ ವರ್ಷ, ಸಮ್ಮರ್ ಎಂದರೆ ಬೇಸಿಗೆ. ಋತುವಿನ ಹೆಸರು ವರ್ಷದ ಹೆಸರಾಗುತ್ತದೆಯೇ? ನಾವಂತೂ ಅನುಮಾನಪಡುವಂತಿಲ್ಲ, ಯಾಕೆಂದರೆ ‘ವರ್ಷ’ ಎಂದರೇ ಮಳೆ. ನಿನಗಿಂತ ಹತ್ತು ಮಳೆಗಾಲ ಹೆಚ್ಚು ಕಂಡವನು ಎಂದು ಹಳ್ಳಿಯ ಹಿರಿಯರು ಅನ್ನುತ್ತಾರೆ. ವೇದಕಾಲದವರು ನೂರು ಶರತ್ತು ಬಾಳೆಂದು ಹರಸಿದರು. ಹಳೆಯ ಇಂಗ್ಲಿಷಿನವರು ವಯಸ್ಸನ್ನು ಚಳಿಗಾಲಗಳಲ್ಲಿ ಎಣಿಸಿದರು. ಯಾವ ಋತು ಎದ್ದು ಕಾಣುತ್ತದೋ, ಯಾವುದನ್ನು ದಾಟುವುದು ಕಷ್ಟವೋ ಅದನ್ನೇ ಎಣಿಸುವುದು ಮನುಷ್ಯನ ಸ್ವಭಾವ.

ಆದರೂ ಇದು ಸಾಧ್ಯ ಎಂದರೆ ಇದು ನಡೆದಿದೆ ಎಂದಾಗದು. ಸೂರತ್ತಿನ ಪಾರ್ಸಿ ಪುರೋಹಿತರಲ್ಲಿ ಕಲಿತ ಆಂಕೆತಿಲ್ ದ್ಯುಪೆರೋನ್ 1771ರಲ್ಲಿ ಅವೆಸ್ತಾವನ್ನು ಫ್ರೆಂಚಿಗೆ ತಂದ ಮೇಲೆ ಯುರೋಪಿನ ಕೈಗೆ ಇರಾನಿನ ಹಳೆಯ ಭಾಷೆಯೂ ಸಿಕ್ಕಿತ್ತು. ಸಂಸ್ಕೃತದ ಸ ಅಲ್ಲಿ ಹ ಆಗುತ್ತದೆ, ಸಿಂಧು ಹಿಂದು ಆದಂತೆ. ಆ ನಿಯಮದಂತೆ ಸಮಾ ಪದದ ಜೋಡಿ ಅವೆಸ್ತಾದಲ್ಲಿ ‘ಹಮ್’. ಅದರ ಅರ್ಥ ವರ್ಷವಲ್ಲ, ಬೇಸಿಗೆ! ಕುರ್ದರು ಬೇಸಿಗೆಗೆ ಅನ್ನುವ ‘ಹಾವೀನ್’ ಅದರ ಸಂತಾನವೇ.

ಎರಡು ಅರ್ಥಗಳೂ ಒಂದೇ ಮನೆಯಲ್ಲಿ ಇರುವುದು ಆರ್ಮೇನಿಯನ್ ಭಾಷೆಯಲ್ಲಿ. ಅಲ್ಲಿ ಪದದ ಮೊದಲ ಸ ಪೂರ್ತಿ ಸವೆದು ಹೋಗಿದೆ. ‘ಅಮ್’ ಎಂದರೆ ವರ್ಷ, ‘ಅಮಾರ್ನ್’ ಎಂದರೆ ಬೇಸಿಗೆ. ಸಂಸ್ಕೃತದ ಅರ್ಥವನ್ನೂ ಇಂಗ್ಲಿಷಿನ ಅರ್ಥವನ್ನೂ ಈ ಎರಡು ಪದಗಳು ಒಟ್ಟಿಗೆ ಕಾಪಾಡಿಕೊಂಡಿವೆ. ಆದರೆ ಆರ್ಮೇನಿಯನ್ ಭಾಷೆಯ ಸಾಕ್ಷ್ಯವನ್ನು ಸರಿಯಾಗಿ ಓದಲು ಬಹುಕಾಲ ಆಗಿರಲಿಲ್ಲ. ಅದರ ತುಂಬ ಪಾರಸಿಯಿಂದ ಎರವಲು ತಂದ ಪದಗಳಿದ್ದುದರಿಂದ ಅದನ್ನು ಇರಾನಿನ ಉಪಭಾಷೆ ಎಂದೇ ಎಣಿಸಿದ್ದರು. ಎರವಲನ್ನೂ ಸ್ವಂತದ್ದನ್ನೂ ಒಂದೊಂದಾಗಿ ಬೇರ್ಪಡಿಸಿ, ಇದು ಸ್ವತಂತ್ರ ಶಾಖೆ ಎಂದು 1875ರಲ್ಲಿ ತೋರಿಸಿದವರು ಯಾರು ಗೊತ್ತೆ? ಲೈಪ್‌ಜಿಗ್‌ನಲ್ಲಿ ಆ ಹುಡುಗನಿಗೆ ಪ್ರಶ್ನೆ ಕೇಳಿದ ಅದೇ ಹ್ಯೂಬ್ಶ್‌ಮಾನ್. ಬೇಸಿಗೆಯ ಹೆಸರಿನ ಎರಡು ಬೀಗದ ಕೈಗಳು ಅವತ್ತು ಆ ಒಂದು ಮಾತುಕತೆಯಲ್ಲಿ ಎದುರುಬದುರು ಕೂತಿದ್ದವು. ಅವರಿಬ್ಬರಿಗೂ ಅದು ಮನಸ್ಸಿನಲ್ಲಿ ಇದ್ದಿರಲಾರದು.

ಮುಂದಿನ ಸಾಕ್ಷಿ ಮಣ್ಣಿನಿಂದ ಬಂತು. 1897ರ ನವೆಂಬರಿನಲ್ಲಿ ಪೂರ್ವ ಫ್ರಾನ್ಸಿನ ಕೊಲಿನ್ಯಿ ಎಂಬ ಊರಿನ ಹತ್ತಿರ ಒಡೆದ ಕಂಚಿನ ಚೂರುಗಳ ರಾಶಿ ಸಿಕ್ಕಿತು. ಒಂದು ಭಾಗ ದೇವತೆಯ ವಿಗ್ರಹದ್ದು. ಉಳಿದದ್ದು ಕೆತ್ತನೆಯ ಹಲಗೆಯದ್ದು. ಜೋಡಿಸಿ ನೋಡಿದರೆ ಅದು ಪಂಚಾಂಗ. ಲಿಪಿ ರೋಮನ್, ಭಾಷೆ ಗಾಲ್ ಜನರದ್ದು, ಕಾಲ ಕ್ರಿಸ್ತಶಕ ಎರಡನೆಯ ಶತಮಾನ. ಐದು ವರ್ಷಗಳ 62 ತಿಂಗಳುಗಳು ಅದರಲ್ಲಿದ್ದವು. ಚಾಂದ್ರ ಲೆಕ್ಕವನ್ನು ಸೂರ್ಯನ ಲೆಕ್ಕಕ್ಕೆ ಸರಿದೂಗಿಸಲು ನಮ್ಮ ಅಧಿಕಮಾಸದಂತೆ ಸೇರಿಸಿದ ಎರಡು ತಿಂಗಳು ಸೇರಿ. ವರ್ಷದ ಮೊದಲ ತಿಂಗಳಿನ ಹೆಸರು ಸಮೊನಿಯೊಸ್, ಏಳನೆಯದು ಗಿಯಮೊನಿಯೊಸ್. ಮೊದಲನೆಯದರಲ್ಲಿ ನಮ್ಮ ‘ಸಮ್’ ಇದೆ. ಎರಡನೆಯದರಲ್ಲಿ ಇರುವುದು ಚಳಿಗಾಲ, ಸಂಸ್ಕೃತದ ಹಿಮ, ಹೇಮಂತಗಳ ದಾಯಾದಿ. ಸಮೊನಿಯೊಸ್ ಬೇಸಿಗೆಯೊಳಗಿನ ತಿಂಗಳೋ, ಬೇಸಿಗೆ ಮುಗಿದ ಮೇಲಿನದೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಆ ಹಲಗೆ ಈಗ ಲಿಯಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಎರಡೇ ಕಂಬಗಳ ಮೇಲೆ ನಿಂತ ವರ್ಷ. ಇಂಗ್ಲೆಂಡಿನಲ್ಲೂ ಹಾಗೇ ಇತ್ತು. 725ರಲ್ಲಿ ಕಾಲಗಣನೆಯ ಬಗ್ಗೆ ಬರೆದ ಬೀಡ್ ಎಂಬ ಸಂನ್ಯಾಸಿ, ತನ್ನ ಪೂರ್ವಿಕರು ವರ್ಷವನ್ನು ಬೇಸಿಗೆ, ಚಳಿಗಾಲ ಎಂದು ಎರಡೇ ಪಾಲು ಮಾಡಿದ್ದರು ಎನ್ನುತ್ತಾನೆ. ಹಾಗಾಗಿ ಹಳೆಯ ಸುಮೊರ್ ಎಂದರೆ ಮೂರು ತಿಂಗಳ ಋತುವಲ್ಲ, ಬೆಳಕಿರುವ ಅರ್ಧ ವರ್ಷ. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಏಪ್ರಿಲ್ 19ರಿಂದ 25ರೊಳಗೆ ಬರುವ ಗುರುವಾರ ‘ಬೇಸಿಗೆಯ ಮೊದಲ ದಿನ’ ಎಂದು ಸರ್ಕಾರಿ ರಜೆ. ಹೊರಗೆ ಎಷ್ಟೋ ಸಲ ಹಿಮ ಬೀಳುತ್ತಿರುತ್ತದೆ.

ಇಂಗ್ಲಿಷಿನಲ್ಲಿ ಇದೇ ಕಾಗುಣಿತದ ಇನ್ನೊಂದು ಸಮ್ಮರ್ ಇದೆ. ಅದು ಹಳೆಯ ಮರದ ಮನೆಗಳ ನಡುತೊಲೆ. ಅಟ್ಟದ ಜಂತೆಗಳೆಲ್ಲ ಅದರ ಮೇಲೆ ಕೂರುತ್ತವೆ. ಇದಕ್ಕೂ ಋತುವಿಗೂ ಏನೇನೂ ಸಂಬಂಧವಿಲ್ಲ. ಗ್ರೀಕಿನಲ್ಲಿ ‘ಸಗ್ಮ’ ಎಂದರೆ ಹೇರು ಹೊರುವ ಪ್ರಾಣಿಯ ಬೆನ್ನಿಗೆ ಹಾಕುವ ತಡಿ. ಅದರಿಂದ ಲ್ಯಾಟಿನ್ನಿನಲ್ಲಿ ಹೇರುಪ್ರಾಣಿಯ ಹೆಸರು ಹುಟ್ಟಿ, ಫ್ರೆಂಚಿನಲ್ಲಿ ‘ಸೊಮಿಯೆ’ ಆಗಿ, ಭಾರ ಹೊರುತ್ತದೆ ಎಂಬ ಕಾರಣಕ್ಕೆ ತೊಲೆಗೂ ಅದೇ ಹೆಸರಾಯಿತು. ವೀಣೆಯ ತಂತಿಗಳನ್ನು ಹೊತ್ತ ಮರದ ತುಂಡಿಗೆ ನಾವು ಕುದುರೆ ಎನ್ನುವುದಿಲ್ಲವೇ, ಹಾಗೆ. ಹೋಲಿಕೆ ನಂಬಬೇಡಿ ಎಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ: ಅಕ್ಷರ ಅಕ್ಷರವೂ ಒಂದೇ, ಆದರೂ ನೆಂಟರಲ್ಲ. ‘ಇಂಡಿಯನ್ ಸಮ್ಮರ್’ ಕೂಡ ನಮ್ಮ ದೇಶದ ಬೇಸಿಗೆಯಲ್ಲ. 1778ರಲ್ಲಿ ಕ್ರೆವ್‌ಕ್ಯೂರ್ ಎಂಬ ಅಮೆರಿಕದ ಕೃಷಿಕ–ಲೇಖಕ ಅಲ್ಲಿಯ ಶರತ್ಕಾಲದ ಕೊನೆಗೆ ಬರುವ ಹದವಾದ ಬಿಸಿಲಿಗೆ ಬಳಸಿದ ಹೆಸರು ಅದು. ಅಲ್ಲಿನ ಇಂಡಿಯನ್ನರು ಅಮೆರಿಕದ ಮೂಲನಿವಾಸಿಗಳು.

ಕೊನೆಯ ಸಾಕ್ಷಿ ಸಿಕ್ಕಿದ್ದು ಯಾರೂ ಹುಡುಕದ ದಿಕ್ಕಿನಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಈಗ ಚೀನಾಕ್ಕೆ ಸೇರಿದ ತಾರಿಮ್ ಕಣಿವೆಯ ಮರಳಿನಿಂದ ಬೌದ್ಧ ಹಸ್ತಪ್ರತಿಗಳ ಕಟ್ಟುಗಳು ಬರ್ಲಿನ್‌ಗೆ ಬಂದವು. ಲಿಪಿ ಬ್ರಾಹ್ಮಿಯ ಒಂದು ಕವಲು, ಓದಬಹುದಿತ್ತು. ಭಾಷೆ ಮಾತ್ರ ಯಾರೂ ಕೇಳದ್ದು. 1908ರಲ್ಲಿ ಎಮಿಲ್ ಸೀಗ್, ವಿಲ್ಹೆಲ್ಮ್ ಸೀಗ್ಲಿಂಗ್ ಇಬ್ಬರೂ ಸೇರಿ ಅದು ಇದೇ ಕುಟುಂಬದ ಭಾಷೆ ಎಂದು ತೋರಿಸಿ ಅದನ್ನು ತೊಖಾರಿಯನ್ ಎಂದು ಕರೆದರು. ಆ ಭಾಷೆಯಲ್ಲೂ ಬೇಸಿಗೆ ಇತ್ತು. ಸ ಮತ್ತು ಮ ಎರಡೇ ಉಳಿದು, ನಡುವಿನ ಸ್ವರ ಬಿದ್ದು, ಸ ಮೃದುವಾಗಿ, ಅದು ‘ಷ್ಮೆ’ ಆಗಿತ್ತು. ನಮ್ಮ ಕನ್ನಡ ಲಿಪಿಯೂ ಬ್ರಾಹ್ಮಿಯ ಕವಲೇ. ಆ ಹಸ್ತಪ್ರತಿಗಳ ಲಿಪಿಕಾರರು ಅದನ್ನು ಷ-ದ ಕೆಳಗೆ ಮ-ವತ್ತು ಕೊಟ್ಟು ಬರೆಯುತ್ತಿದ್ದರು, ನಾವು ‘ಗ್ರೀಷ್ಮ’ ಎಂದು ಬರೆಯುವಾಗ ಬರೆಯುವಂತೆಯೇ.